ಗಿಡದ ಅಕ್ವೇರಿಯಂ: ಕೆಜಿಎಫ್, ಬಂಗಾರಪೇಟೆ ನೀರಿಗೆ ತಳದಲ್ಲಿ ಏನು ಹಾಕಬೇಕು?

ಕೆಜಿಎಫ್: ಮೀನಿನ ತೊಟ್ಟಿಯಲ್ಲಿ ಪ್ಲಾಸ್ಟಿಕ್ ಗಿಡದ ಬದಲು ನಿಜವಾದ ಗಿಡ ಬೆಳೆಸಬೇಕು ಅನ್ನೋರಿಗೆ ಮೊದಲು ಎದುರಾಗುವ ಪ್ರಶ್ನೆ, ತಳಕ್ಕೆ ಏನು ಹಾಕೋದು? ಕೆಜಿಎಫ್‌ನಲ್ಲಂತೂ ಪುಕ್ಕಟೆ ಮರಳು ಗುಡ್ಡಗುಡ್ಡವಾಗಿ ಕಣ್ಣೆದುರೇ ಇದೆ. ಅದನ್ನು ಮಾತ್ರ ಮುಟ್ಟಬಾರದು.

ಸೈನೈಡ್ ಗುಡ್ಡದ್ದು ಹೊಳೆ ಮರಳಲ್ಲ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ತ್ಯಾಜ್ಯ. ಗಣಿ ಮುಚ್ಚಿದ್ದು 2001ರಲ್ಲಿ, ಇಷ್ಟು ವರ್ಷದ ಬಿಸಿಲಿಗೆ ಸೈನೈಡ್ ಹೋಗಿರಲ್ವಾ ಅನ್ನಿಸಬಹುದು. ಬಿಸಿಲಿಗೆ ಸೈನೈಡ್ ಒಡೆಯುತ್ತದೆ ನಿಜ. ಆದರೆ ಅದಿರಿನ ಲೋಹಗಳು ಎಲ್ಲೂ ಹೋಗುವುದಿಲ್ಲ. ಗಂಧಕ ಇರುವ ಖನಿಜಗಳಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟಿ, ಆ ಲೋಹಗಳು ನೀರಿಗೆ ಇಳಿಯುತ್ತವೆ. ಸಾಲದ್ದಕ್ಕೆ, ಹಿಟ್ಟಿನಂಥ ಆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತರೆ ಬೇರಿಗೆ ಆಮ್ಲಜನಕ ಸಿಗದೆ ಗಿಡವೂ ಕೊಳೆಯುತ್ತದೆ. ಎಷ್ಟು ತೊಳೆದರೂ ಇದು ಸರಿಹೋಗಲ್ಲ.

ಇನ್ನೊಂದು ತುದಿಯಲ್ಲಿ ಅಂಗಡಿಯವರು ತೋರಿಸುವ ಅಕ್ವಾಸಾಯಿಲ್ ಇದೆ. ಒಳ್ಳೆಯ ಮಾಲೇ, ಆದರೆ ನಮ್ಮ ನೀರಿಗೆ ದುಬಾರಿ. ಬೇಯಿಸಿದ ಜೇಡಿಮಣ್ಣಿನ ಈ ಕಾಳುಗಳು ನೀರಿನ ಗಡಸುತನ ಹೀರಿ ಪಿಎಚ್ ಇಳಿಸುತ್ತವೆ. ಪಾತ್ರೆ ಮೇಲೆ ಬಿಳಿ ಕರೆ ಕಟ್ಟುವ ಬೋರ್‌ವೆಲ್ ನೀರನ್ನು ವಾರವಾರ ಬದಲಿಸುತ್ತಾ ಹೋದರೆ ಆ ಶಕ್ತಿ ಬೇಗ ಮುಗಿಯುತ್ತೆ. ಆರ್‌ಒ ನೀರು ಬಳಸುವವರಿಗೆ ಮಾತ್ರ ಹಾಕಿದ ದುಡ್ಡು ದಕ್ಕೀತು. ಅವರೂ ಮೊದಲ ಮೂರ್ನಾಲ್ಕು ವಾರ ಮೀನು ಬಿಡಬಾರದು. ಹೊಸ ಅಕ್ವಾಸಾಯಿಲ್ ಅಮೋನಿಯಾ ಬಿಡುತ್ತದೆ.

ಹೆಚ್ಚಿನವರಿಗೆ 2ರಿಂದ 4 ಮಿ.ಮೀ. ಗಾತ್ರದ ಸಾದಾ ಜಲ್ಲಿಕಾಳೇ ಸಾಕು. ಗ್ರಾನೈಟ್ ಆದರೆ ನೀರಿನ ಗುಣ ಕೆಡಿಸಲ್ಲ. ಅಮೃತಶಿಲೆ ಚೂರು, ಹವಳದ ಚೂರು ಬೇಡ, ಗಡಸು ನೀರು ಇನ್ನಷ್ಟು ಗಡಸಾಗುತ್ತೆ. ಅನುಮಾನ ಬಂದರೆ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ. ನೊರೆ ಬಂದರೆ ಸುಣ್ಣದಂಶವಿದೆ ಎಂದರ್ಥ. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ದೂಳು ಹೋಗುವವರೆಗೆ ತೊಳೆಯಬೇಕು, ತಳ ಕೆದಕುವ ಮೀನಿದ್ದರೆ ಅದರ ಚೂಪು ಅಂಚು ಒಳ್ಳೇದಲ್ಲ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಗೆ ಎರಡು ಇಂಚು ಹಾಸಲು ಸುಮಾರು 9 ಲೀಟರ್, ಅಂದರೆ 14 ಕೆ.ಜಿ. ಆಸುಪಾಸು ಜಲ್ಲಿ ಬೇಕು.

ಜಲ್ಲಿಯಲ್ಲಿ ಪೋಷಕಾಂಶ ಇರಲ್ಲ. ಅದಕ್ಕೆ ಬೇರಿನ ಬಳಿ ರೂಟ್ ಟ್ಯಾಬ್ ಗುಳಿಗೆ ಹೂತಿಡಬೇಕು. ಇಲ್ಲವೇ ನಮ್ಮ ಕೆಮ್ಮಣ್ಣೇ ಇದೆಯಲ್ಲ, ಕಬ್ಬಿಣದಂಶ ಬೇಕಾದಷ್ಟಿದೆ. ಜಲ್ಲಿಯ ಕೆಳಗೆ ಮಣ್ಣು ಹಾಸುವ ಕ್ರಮವನ್ನು ಅಮೆರಿಕದ ಡಯಾನಾ ವಾಲ್‌ಸ್ಟಡ್ ಪುಸ್ತಕವೊಂದು 1999ರಲ್ಲೇ ಜನಪ್ರಿಯಗೊಳಿಸಿತ್ತು. ಆದರೆ ಟೊಮೆಟೊ ತೋಟದ ಮಣ್ಣು ಬೇಡ, ಗೊಬ್ಬರ, ಕೀಟನಾಶಕ ಬಿದ್ದಿರುತ್ತೆ. ಗೊಬ್ಬರ, ಔಷಧಿ ಕಾಣದ ಜಾಗದ ಮಣ್ಣು ತಂದು, ಜರಡಿ ಹಿಡಿದು, ಒಂದು ಇಂಚು ಮೀರದಂತೆ ಹಾಸಿ, ಮೇಲೆ ಒಂದೂವರೆ ಇಂಚು ಜಲ್ಲಿ ಮುಚ್ಚಬೇಕು. ಕೊಳೆತ ಮೊಟ್ಟೆ ವಾಸನೆಯ ಗುಳ್ಳೆ ಎದ್ದರೆ ಕಡ್ಡಿಯಿಂದ ನಿಧಾನವಾಗಿ ಚುಚ್ಚಿ ಗಾಳಿ ಬಿಡಿಸಿ.

ಗಡಸು ನೀರಿಗೆ ವ್ಯಾಲಿಸ್ನೇರಿಯಾ ಚೆನ್ನಾಗಿ ಒಗ್ಗುತ್ತದೆ. ಅನುಬಿಯಾಸ್, ಜಾವಾ ಫರ್ನ್ ಅಷ್ಟೇ ಸಾಕು ಅನ್ನೋರು ತಳಕ್ಕೆ ದುಡ್ಡು ಸುರಿಯೋದೇ ಬೇಡ, ಅವನ್ನು ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿದರೆ ಆಯ್ತು.