ಕಾಟಕಾಯಿಯ ದಾರಿಯಲ್ಲಿ

ನಮ್ಮ ಸುಶಿಕ್ಷಿತರಲ್ಲಿ ಅಮೆರಿಕವನ್ನು ಕಂಡುಬಂದವರು ಈಗ ಊರೂರಿಗೂ ಇರುವರು. ಅಂತಹ ಮಿತ್ರರೊಬ್ಬರು ಕೆಲದಿನಗಳ ಕೆಳಗೆ ಬಾಸ್ಟನ್ ಪಟ್ಟಣದ ಸಮೀಪದ ಕಾಂಕರ್ಡಿನ ದಾರಿಯನ್ನು ಬಹಳವಾಗಿ ಕೊಂಡಾಡಿದರು. 1775ನೆಯ ಇಸವಿ ಏಪ್ರಿಲ್ 19ರಂದು ಅಲ್ಲಿಯ ರೈತರು ಆಂಗ್ಲ ದಂಡನ್ನು ಎದುರಿಸಿದ ಆ ಹಾದಿಯನ್ನು 1959ರಿಂದ ರಾಷ್ಟ್ರೀಯ ಉದ್ಯಾನವಾಗಿ ಕಾಪಾಡಿಕೊಂಡು ಬಂದಿರುವರು. ಅದರ ಮೇಲೆ ನಡೆದಾಗ ತಮಗೆ ರೋಮಾಂಚವಾಯಿತೆಂದರು. ಕೇಳಿ ಸಂತೋಷಪಟ್ಟೆನು. ಆದರೆ ಈ ಮಿತ್ರರ ಹುಟ್ಟೂರು ಬೆಳ್ಳಾರೆಯ ಮಗ್ಗುಲಿನದು. 1837ರಲ್ಲಿ ಬೆಳ್ಳಾರೆಯಲ್ಲಿ ನಡೆದುದೇನೆಂದು ವಿಚಾರಿಸಲು ಅವರು ನಕ್ಕು, “ಅದು ಕಲ್ಯಾಣಪ್ಪನ ಕಾಟಕಾಯಿಯಲ್ಲವೇ?” ಎಂದು ಮಾತು ಮುಗಿಸಿದರು. ಆ ನಗೆಯೇ ನನ್ನನ್ನು ಪುತ್ತೂರಿನ ಬಸ್ಸು ಹತ್ತಿಸಿತು.

ಪುತ್ತೂರಿನಲ್ಲಿ ಗಾಂಧಿ ಕಟ್ಟೆಯ ಎದುರು ತುಸು ನಿಂತೆನು. 1934ರ ಫೆಬ್ರವರಿಯಲ್ಲಿ ಮಹಾತ್ಮರು ಹರಿಜನೋದ್ಧಾರದ ಪ್ರವಾಸ ಕೈಕೊಂಡು ಕೊಡಗಿನಿಂದ ಘಟ್ಟವಿಳಿದು ಇಲ್ಲಿಗೆ ಬಂದಿದ್ದರು. ಅದನ್ನು ಊರು ಮರೆತಿಲ್ಲ. ಅದಕ್ಕೆ ತೊಂಬತ್ತೇಳು ವರುಷ ಮೊದಲು ಇದೇ ಪುತ್ತೂರಿನ ಮೂಲಕ ಮಂಗಳೂರಿನತ್ತ ಸಾಗಿದ ರೈತರ ದಂಡಿನ ಸಂಗತಿ ಮಾತ್ರ ಎಷ್ಟು ಮಂದಿಗೆ ನೆನಪಿರುವುದೋ!

ಕಾರಣವನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ‘ಕಾಟಕಾಯಿ’ ಎಂಬ ಹೆಸರು ಅದನ್ನೇ ಮುಚ್ಚಿಬಿಟ್ಟಿದೆ. ಅಮರ ಸುಳ್ಯ, ಪುತ್ತೂರು ಸೀಮೆಗಳು ಕೊಡಗಿನ ಅರಸರ ಕೈಯಲ್ಲಿದ್ದಾಗ ರೈತನು ಕಂದಾಯವನ್ನು ಬೆಳೆದ ಧಾನ್ಯದಲ್ಲಿಯೇ ಸಲ್ಲಿಸಬಹುದಾಗಿತ್ತು. 1834ರಲ್ಲಿ ಕುಂಪಣಿ ಸರಕಾರವು ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ನುಂಗಿತು. ಈ ಸೀಮೆಗಳನ್ನು ಅಲ್ಲಿಂದ ಕಿತ್ತು ಕೆನರಾ ಜಿಲ್ಲೆಗೆ ಜೋಡಿಸಿ, ಕಂದಾಯವನ್ನು ನಗದಾಗಿ ತರಬೇಕೆಂದು ಕಟ್ಟುಮಾಡಿತು. ರೊಕ್ಕವನ್ನೇ ಅಪರೂಪವಾಗಿ ಕಾಣುತ್ತಿದ್ದ ಬೇಸಾಯಗಾರನು ಸುಗ್ಗಿಯಲ್ಲಿ ಸಿಕ್ಕಿದ ಬೆಲೆಗೆ ಭತ್ತ ಮಾರಬೇಕು, ಇಲ್ಲವೇ ಸಾಲಗಾರನ ಬಾಗಿಲಿಗೆ ಹೋಗಬೇಕು. ಸುಳ್ಯದ ಕೆದಂಬಾಡಿ ರಾಮಯ್ಯ ಗೌಡರು ಎದ್ದುದು ಇದಕ್ಕಾಗಿ. ಮದುವೆಯ ನೆಪದಲ್ಲಿ ಜನರನ್ನು ಕೂಡಿಸಿದರೆಂದು ಹಿರಿಯರು ಹೇಳುವುದುಂಟು. ಪುಟ್ಟಬಸಪ್ಪನೆಂಬವನನ್ನು ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿಯೆಂದು ಮುಂದಿಟ್ಟುಕೊಂಡು, ಮಾರ್ಚಿಯ ಕೊನೆಯಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕರು. ಬಾವುಟಗುಡ್ಡೆಯಲ್ಲಿ ಕುಂಪಣಿಯ ಬಾವುಟ ಇಳಿಯಿತು. ಸುಮಾರು ಎರಡು ವಾರ ನಡೆದ ಈ ಆಡಳಿತವನ್ನು ಹೊರಗಿಂದ ಬಂದ ಸೈನ್ಯವು ಅಳಿಸಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರುಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಇದು ಸಿಪಾಯಿ ದಂಗೆಗೆ ಇಪ್ಪತ್ತು ವರುಷ ಹಿಂದಿನ ಮಾತು. ಗೆದ್ದವನು ಇಟ್ಟ ಹೆಸರನ್ನು ಸೋತವನ ಮೊಮ್ಮಕ್ಕಳು ನಗುತ್ತ ಆಡುವುದಕ್ಕಿಂತ ದೊಡ್ಡ ಸೋಲು ಯಾವುದು?

2022ರ ನವಂಬರದಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಸ್ಥಾಪಿತವಾಯಿತು. ಒಳ್ಳೆಯದೇ. ಆದರೂ ಸುಳ್ಯದಿಂದ ಬೆಳ್ಳಾರೆಗೆ, ಬೆಳ್ಳಾರೆಯಿಂದ ಪುತ್ತೂರಿಗೆ, ಅಲ್ಲಿಂದ ಬಂಟವಾಳಕ್ಕೆ ಹೋಗುವವನಿಗೆ ಇದೇ ಆ ದಾರಿಯೆಂದು ಹೇಳುವ ಕಲ್ಲು ನನ್ನ ಕಣ್ಣಿಗೆ ಬೀಳಲಿಲ್ಲ. ಮೈಲುಗಲ್ಲು ನೆಡುವ ಇಲಾಖೆಗೆ ಇನ್ನು ನಾಲ್ಕು ಕಲ್ಲು ಭಾರವಾಗಲಾರದು.

ದಾರಿಯನ್ನು ನೆನಪಿಡುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಕೋಟಿ ಚೆನ್ನಯರ ಪಾಡ್ದನವನ್ನೇ ತೆಗೆದುಕೊಳ್ಳಿ. ತಾಯಿ ದೇಯಿ ಬೈದೆತಿ ಬಲ್ಲಾಳನಿಗೆ ಮದ್ದು ಕೊಟ್ಟ ಪಡುಮಲೆ ಪುತ್ತೂರಿಗೆ ಸೇರಿದುದು. ಅಣ್ಣತಮ್ಮಂದಿರು ಸೆರೆಬಿದ್ದ ಪಂಜ ಸುಳ್ಯಕ್ಕೆ. ಕೊನೆಯ ಕಾಳಗ ಕಂಡ ಎಣ್ಮೂರು, ಈಚೆಗೆ ಪುತ್ತೂರು ಸುಳ್ಯಗಳಿಂದ ಗ್ರಾಮಗಳನ್ನು ತೆಗೆದು ರಚಿಸಿದ ಕಡಬಕ್ಕೆ. ಹಾಡು ಮೂರು ತಾಲೂಕುಗಳನ್ನೂ ಕಾಲ್ನಡೆಯಲ್ಲಿ ದಾಟುವುದು. ಬಾಸೆಲ್ ಮಿಶನ್ನಿನ ಮ್ಯಾನರ್ ಪಾದ್ರಿಗಳು 1886ರಲ್ಲಿಯೇ ಪಾಡ್ದನಗಳನ್ನು ಅಚ್ಚುಹಾಕಿಸಿದರು. ಅದಕ್ಕೂ ಮೊದಲು, ಅನಂತರವೂ, ಅವನ್ನು ಕಾಪಾಡಿದವರು ಕೆಸರುಗದ್ದೆಯಲ್ಲಿ ಬಗ್ಗಿ ನಾಟಿ ನೆಡುವ ಹೆಂಗಸರು.

ಎಣ್ಮೂರಿನ ಗರಡಿಯನ್ನು ಕಂಡು ಬರುವಾಗ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಮುದುಕಿಯೊಬ್ಬಳನ್ನು ಒಂದು ಪಾಡ್ದನ ಹೇಳೆಂದು ಕೇಳಿಕೊಂಡೆನು. ಅಣ್ಣತಮ್ಮಂದಿರು ಪಡುಮಲೆಯನ್ನು ಬಿಟ್ಟು ಹೊರಡುವ ವರೆಗೆ ಹಾಡಿ ನಿಲ್ಲಿಸಿದಳು. ಮುಂದೆ ಬರುವುದಿಲ್ಲವೇ ಎಂದೆ. “ಬರುತ್ತಿತ್ತು ಸ್ವಾಮೀ, ಗದ್ದೆಯಿದ್ದಾಗ. ಎದುರಿನ ಸಾಲಿನವರು ಓ ಎಂದರೆ ಮುಂದಿನದು ತಾನಾಗಿ ಬಾಯಿಗೆ ಬರುತ್ತಿತ್ತು. ಈಗ ಕಂಗಿಗೆ ಹಾಡಲೇ?” ಎಂದಳು. ಸುತ್ತಲೂ ನೋಡಿದೆನು. ಅವಳು ಗದ್ದೆಯೆಂದು ತೋರಿಸಿದ ಬೈಲೆಲ್ಲ ಅಡಿಕೆಯ ತೋಟ.

ಭತ್ತದ ಬದಲು ನಗದು ಕೇಳಿದುದಕ್ಕಾಗಿ ಕತ್ತಿ ಹಿಡಿದವರ ನಾಡು ಇದು. ನಗದಿಗಾಗಿ ಭತ್ತವನ್ನು ನಾವೇ ಬಿಟ್ಟೆವು. ಯಾರನ್ನೂ ದೂರುವಂತಿಲ್ಲ, ಅಡಿಕೆ ಮಕ್ಕಳನ್ನು ಓದಿಸಿತು, ಕೆಲವರನ್ನು ಅಮೆರಿಕಕ್ಕೂ ಕಳುಹಿಸಿತು. ಈಗ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ತಿನ್ನುತ್ತಿದೆ. ಅಲ್ಲಿಯ ಬೇಸಾಯಗಾರನ ಕಷ್ಟ 1837ರದಕ್ಕಿಂತ ಹಗುರವೆಂದು ಹೇಳಲು ನನಗೆ ಧೈರ್ಯ ಸಾಲದು.

ಮರುದಿನ ಸುಬ್ರಹ್ಮಣ್ಯದಿಂದ ಕುಮಾರಪರ್ವತವನ್ನು ಹತ್ತಿದೆನು. ಶಿಖರದ ಎತ್ತರ 1,712 ಮೀಟರು. ಗಿರಿಗದ್ದೆಯ ವರೆಗೆ ಕಾಡಿನ ನೆರಳು, ಆಮೇಲೆ ಬೋಳು ಹುಲ್ಲುಗುಡ್ಡ, ತಲೆಯ ಮೇಲೆ ಬಿಸಿಲು. ಐವತ್ತು ದಾಟಿದ ಮೊಣಕಾಲುಗಳಿಗೆ ಶೇಷಪರ್ವತ ಕಲಿಸುವ ವಿನಯವನ್ನು ಯಾವ ಗುರುವೂ ಕಲಿಸಲಾರನು. ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ಕ್ಕೆ ಈ ಮಲೆಯೇ ನೆಲೆ. ಇದರ ಬುಡದ ಕುಳ್ಕುಂದದಲ್ಲಿ ಜನಿಸಿದ ನಿರಂಜನರು ಈ ದಂಗೆಯನ್ನೇ ವಸ್ತುವಾಗಿಟ್ಟು ‘ಕಲ್ಯಾಣಸ್ವಾಮಿ’ ಕಾದಂಬರಿಯನ್ನು ಬರೆದರು. ಊರಿಗೆ ಕತೆಗಾರರ ಕೊರತೆಯಾಗಿಲ್ಲ.

ಇಳಿಯುವಾಗ ಬೆಂಗಳೂರಿನ ತರುಣರ ಗುಂಪೊಂದು ಜತೆಯಾಯಿತು. ಒಬ್ಬನ ಕೈಯ ಫೋನಿನಲ್ಲಿ ಯಾವುದೋ ಹಿಂದೀ ಹಾಡು. ಬಂಡೆಯೊಂದರ ಮೇಲೆ ದಣಿವಾರಿಸಿಕೊಳ್ಳುವಾಗ ಅವನು ಹಾಡನ್ನು ನಿಲ್ಲಿಸಿ, “ಅಂಕಲ್, ಕೆಳಗೆ ಕಾಣುವುದು ಯಾವ ಊರು?” ಎಂದು ಕೇಳಿದನು. ಬೆರಳು ಚಾಚಿ ಎಣ್ಮೂರು, ಪಂಜ, ಬೆಳ್ಳಾರೆ, ಅದರಾಚೆ ಪುತ್ತೂರು ಎಂದು ಒಂದೊಂದರ ಕತೆಯೊಡನೆ ಹೇಳತೊಡಗಿದೆನು. ಬೆಳ್ಳಾರೆಯ ಖಜಾನೆಗೆ ಬರುವಷ್ಟರಲ್ಲಿ ಮಂಜು ಮೇಲೇರಿ ಕಣಿವೆಯನ್ನು ಮುಚ್ಚಿತು. “ಆಮೇಲೆ?” ಎಂದನು ಆ ಹುಡುಗ.