ಚಿಪ್ ಸ್ವದೇಶಿ, ಪ್ರಿಂಟರ್ ಪರದೇಶಿ

ಹುಟ್ಟಿದ ಮಕ್ಕಳು ಉಳಿಯದಿದ್ದರೆ, ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ‘ತಿಪ್ಪ’ ಎಂದು ಹೆಸರಿಡುವ ರೂಢಿ ನಮ್ಮ ಹಳ್ಳಿಗಳಲ್ಲಿತ್ತು. ಹೆಸರು ಕೀಳಾದಷ್ಟೂ ಆಯುಸ್ಸು ಗಟ್ಟಿ ಎಂಬ ನಂಬಿಕೆ. ಚೀನಾದ ಹಳ್ಳಿಗಳಲ್ಲೂ ಇಂಥದ್ದೇ ಒಂದು ಹೆಸರಿದೆ: ‘ಗೌಶೆಂಗ್’. ನಾಯಿ ತಿಂದು ಬಿಟ್ಟದ್ದು ಎಂದು ಅದರ ಅರ್ಥ. 2001ರಲ್ಲಿ ಬೀಜಿಂಗ್‌ನಲ್ಲಿ, ಚೈನೀಸ್ ಅಕಾಡೆಮಿ ಆಫ್ ಸೈನ್ಸಸ್‌ನ ಕಂಪ್ಯೂಟಿಂಗ್ ಸಂಸ್ಥೆಯ ಹು ವೈವು ಮತ್ತು ಅವರ ತಂಡ ದೇಶದ ಸ್ವಂತ ಪ್ರೊಸೆಸರ್ ಕಟ್ಟಲು ಕುಳಿತಾಗ ಅದಕ್ಕೆ ಇಟ್ಟ ಮುದ್ದಿನ ಹೆಸರು ಇದೇ. ‘ಗಾಡ್‌ಸನ್’ ಎಂಬ ಇಂಗ್ಲಿಷ್ ಹೆಸರು ಹುಟ್ಟಿದ್ದೂ ಇದರಿಂದಲೇ ಎನ್ನುತ್ತಾರೆ. 2002ರಲ್ಲಿ ಹೊರಬಂದ ಮೊದಲ ಚಿಪ್‌ನ ವೇಗ 266 ಮೆಗಾಹರ್ಟ್ಸ್. ಅದೇ ವರ್ಷ ಇಂಟೆಲ್‌ನ ಪೆಂಟಿಯಂ 4 ಎರಡು ಗಿಗಾಹರ್ಟ್ಸ್ ದಾಟಿ ಓಡುತ್ತಿತ್ತು. ಆದರೂ ಕೂಸು ಉಳಿಯಿತು. ಈಗ ‘ಲೂಂಗ್‌ಸನ್’ ಎಂಬ ಹೆಸರಿನಲ್ಲಿ ಚೀನಾದ ಸರ್ಕಾರಿ ಕಚೇರಿಗಳ ಮೇಜಿನ ಮೇಲೆ ಕೂತಿದೆ.

ಬಿಇ ಓದುತ್ತಿರುವ ನನಗೆ ಈ ಕಥೆ ಸಿಕ್ಕಿದ್ದು ಕಾಲೇಜಿನ ಸೆಮಿನಾರ್‌ಗೆ ತಯಾರಾಗುವಾಗ. ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಎಂದು ನಾಲ್ಕು ಸ್ಲೈಡ್ ಮಾಡಿದರೆ ಸೆಮಿನಾರ್ ಮುಗಿಯುತ್ತಿತ್ತು. ಆದರೆ ಈ ಕಂಪ್ಯೂಟರ್‌ಗಳನ್ನು ದಿನವೂ ಬಳಸುವ ಚೀನಾದ ಗುಮಾಸ್ತರು, ಶಿಕ್ಷಕರು, ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರು ಬರೆದುಕೊಂಡ ಅನುಭವಗಳನ್ನು ಅನುವಾದದ ನೆರವಿನಿಂದ ಓದತೊಡಗಿದೆ. ಅವರಲ್ಲಿ ಕೋರ್ ಬಗ್ಗೆ ಮಾತಾಡುವವರು ಕಡಿಮೆ. ಹೆಚ್ಚಿನವರ ಮಾತು ಪ್ರಿಂಟರ್ ಬಗ್ಗೆ!

ಭಯದಿಂದ ಹುಟ್ಟಿದ ಹಟ

ಚೀನಾಕ್ಕೆ ಈ ಹಟ ಯಾಕೆ? ಅಮೆರಿಕದ ಬೇಹುಗಾರಿಕೆಯ ಬಗ್ಗೆ 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಾಯಿಬಿಟ್ಟರು. ಮರುವರ್ಷವೇ ಚೀನಾ ತನ್ನ ಸರ್ಕಾರಿ ಖರೀದಿಯಲ್ಲಿ ವಿಂಡೋಸ್ 8 ಬೇಡವೆಂದಿತು. 2018ರಲ್ಲಿ ಜಡ್‌ಟಿಇ, 2019ರಲ್ಲಿ ಹುವಾವೇ ಮೇಲೆ ಅಮೆರಿಕ ನಿರ್ಬಂಧ ಹೇರಿತು. ಚಿಪ್ ಕೊಡುವವನು ಕೈ ಹಿಂತೆಗೆದರೆ ಕಚೇರಿಯೇ ನಿಲ್ಲುತ್ತದೆ ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು. ಸರ್ಕಾರಿ ಕಚೇರಿಗಳ ವಿದೇಶಿ ಯಂತ್ರ ಮತ್ತು ಸಾಫ್ಟ್‌ವೇರ್‌ಗಳಲ್ಲಿ ಶೇ 30ರಷ್ಟನ್ನು ಮೊದಲ ವರ್ಷ, ಶೇ 50ರಷ್ಟನ್ನು ಎರಡನೇ ವರ್ಷ, ಉಳಿದ ಶೇ 20ರಷ್ಟನ್ನು ಮೂರನೇ ವರ್ಷ ಬದಲಿಸಬೇಕೆಂಬ ಆದೇಶದ ಬಗ್ಗೆ 2019ರ ಡಿಸೆಂಬರ್‌ನಲ್ಲಿ ಫೈನಾನ್ಷಿಯಲ್ ಟೈಮ್ಸ್ ವರದಿ ಮಾಡಿತು. ಈ ಇಡೀ ಚಳವಳಿಗೆ ಚೀನಿಯರು ಇಟ್ಟ ಚಿಕ್ಕ ಹೆಸರು ‘ಶಿನ್‌ಚುವಾಂಗ್’.

ಸ್ವಂತ ಚಿಪ್‌ಗೆ ಅವರು ಒಂದೇ ದಾರಿ ಹಿಡಿಯಲಿಲ್ಲ. ಪ್ರೊಸೆಸರ್‌ಗೆ ಅರ್ಥವಾಗುವ ಆದೇಶಗಳ ಭಾಷೆಯನ್ನು ನಾವು ಇನ್‌ಸ್ಟ್ರಕ್ಷನ್ ಸೆಟ್ ಎನ್ನುತ್ತೇವೆ. ತೈವಾನ್‌ನ ವಿಐಎ ಮತ್ತು ಶಾಂಘೈ ನಗರ ಸರ್ಕಾರ ಸೇರಿ 2013ರಲ್ಲಿ ಕಟ್ಟಿದ ಝಾವ್‌ಶಿನ್, ಇಂಟೆಲ್ ಮಾತಾಡುವ ಎಕ್ಸ್86 ಭಾಷೆಯನ್ನೇ ಮಾತಾಡುತ್ತದೆ. ಫೈಟಿಯಂ ನಮ್ಮ ಮೊಬೈಲ್‌ಗಳಲ್ಲಿರುವ ಎಆರ್‌ಎಂ ಭಾಷೆ ಆರಿಸಿಕೊಂಡಿತು. ಲೂಂಗ್‌ಸನ್ ಮೊದಲು ಎಂಐಪಿಎಸ್ ಬಳಸುತ್ತಿತ್ತು. 2021ರಲ್ಲಿ ಅದನ್ನು ಬಿಟ್ಟು ‘ಲೂಂಗ್‌ಆರ್ಚ್’ ಎಂಬ ತನ್ನದೇ ಭಾಷೆ ತಂದಿತು. ಇವುಗಳ ಮೇಲೆ ಓಡುವುದು ಹೆಚ್ಚಾಗಿ ಲಿನಕ್ಸ್ ಆಧಾರಿತ ಕೈಲಿನ್ ಅಥವಾ ಯುಒಎಸ್. ವರ್ಡ್ ಬದಲು ಡಬ್ಲ್ಯುಪಿಎಸ್.

ಮೇಜಿನ ಮುಂದೆ ಕೂತವರ ಪಾಡು

ಝಾವ್‌ಶಿನ್ ಬಳಸಿದವರಿಗೆ ಹೊಂದಾಣಿಕೆಯ ತಲೆನೋವು ಕಡಿಮೆ. ಅದರ ಮೇಲೆ ವಿಂಡೋಸ್ ಕೂಡ ಓಡುತ್ತದೆ. ಅವರ ದೂರು ಏನಿದ್ದರೂ ವೇಗದ ಬಗ್ಗೆ. ನಿಜವಾದ ಪರೀಕ್ಷೆ ಲೂಂಗ್‌ಸನ್ ಬಳಸಿದವರದು. 2 ಗಿಗಾಹರ್ಟ್ಸ್‌ಗಿಂತ ಕಡಿಮೆ ವೇಗದ ಹಳೆಯ ಮಾದರಿಗಳಲ್ಲಿ ವೆಬ್‌ಪುಟ ತೆರೆಯಲೂ ಕಾಯಬೇಕಿತ್ತು. 2023ರ ನವೆಂಬರ್‌ನಲ್ಲಿ ಬಂದ 3ಎ6000ದಲ್ಲಿ 4 ಕೋರ್, 2.5 ಗಿಗಾಹರ್ಟ್ಸ್ ವೇಗ. ಇಂಟೆಲ್‌ನ 2020ರ ಐ3-10100ಕ್ಕೆ ಇದು ಸಮ ಎಂದು ಕಂಪನಿ ಹೇಳಿಕೊಂಡಿತು. ಪತ್ರ ಟೈಪ್ ಮಾಡುವುದು, ಮೇಲ್ ನೋಡುವುದು, ಹತ್ತಾರು ಟ್ಯಾಬ್ ತೆರೆಯುವುದು... ಕಚೇರಿ ಕೆಲಸಕ್ಕೆ ಇಷ್ಟು ಧಾರಾಳ. ಹಾಗಾದರೆ ತೊಂದರೆ ಎಲ್ಲಿ?

ಮೊದಲನೆಯದು ಪ್ರಿಂಟರ್. ಅದರ ಡ್ರೈವರನ್ನು ತಯಾರಕರು ಎಷ್ಟೋ ಸಲ ಸಿದ್ಧ ಕಡತವಾಗಿ ಕೊಡುತ್ತಾರೆ, ಅದೂ ಇಂಟೆಲ್ ಭಾಷೆಯಲ್ಲಿ ಮಾತ್ರ. ಮೂಲ ಕೋಡ್ ಕೊಡುವುದಿಲ್ಲ. ಹೀಗಾಗಿ ನಿನ್ನೆವರೆಗೆ ಚೆನ್ನಾಗಿದ್ದ ಪ್ರಿಂಟರ್, ಹೊಸ ಕಂಪ್ಯೂಟರ್ ಬಂದ ದಿನ ಮೂಕವಾಗುತ್ತದೆ. ಕೊನೆಗೆ ಪ್ಯಾಂಟಮ್‌ನಂಥ ಚೀನಾ ಕಂಪನಿಯ ಪ್ರಿಂಟರನ್ನೂ ಕೊಳ್ಳಬೇಕು. ಸ್ಕ್ಯಾನರ್ ಕಥೆಯೂ ಇದೇ.

ಎರಡನೆಯದು ಅಕ್ಷರ. ಚೀನಾದ ಸರ್ಕಾರಿ ಪತ್ರಗಳಿಗೆ 2012ರ ಒಂದು ರಾಷ್ಟ್ರೀಯ ಮಾನದಂಡವಿದೆ. ಫಾಂಗ್‌ಸಾಂಗ್ ಎಂಬ ಫಾಂಟ್, ಪುಟಕ್ಕೆ 22 ಸಾಲು, ಸಾಲಿಗೆ 28 ಅಕ್ಷರ. ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಬೇರೊಂದು ಬಂದು ಕೂತರೆ ಸಾಲು ಮುರಿಯುತ್ತದೆ, ಮುದ್ರೆ ಒತ್ತುವ ಜಾಗ ಮುಂದಿನ ಪುಟಕ್ಕೆ ಜಾರುತ್ತದೆ. ಪತ್ರ ವಾಪಸ್!

ಮೂರನೆಯದು ಬ್ಯಾಂಕಿನ ಯುಎಸ್‌ಬಿ ಕೀ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮತ್ತು ಅದರ ಪ್ಲಗ್‌ಇನ್ ನಂಬಿ ಕಟ್ಟಿದ ವೆಬ್‌ಸೈಟ್‌ಗಳು ಲಿನಕ್ಸ್‌ನಲ್ಲಿ ತೆರೆಯುವುದಿಲ್ಲ. ಅದಕ್ಕಾಗಿ ಒಂದೇ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇಟ್ಟುಕೊಂಡವರಿದ್ದಾರೆ. ಹೊಸದು ತಪಾಸಣೆಗೆ, ಹಳೆಯ ವಿಂಡೋಸ್ ಕೆಲಸಕ್ಕೆ.

ಇದರ ಮೇಲೆ ಲೂಂಗ್‌ಸನ್‌ನವರದೇ ಒಂದು ಫಜೀತಿಯಿದೆ. ಹೊಸ ಭಾಷೆ ಬಂದಾಗ ಕಚೇರಿಗಳಿಗೆ ಬೇಗ ಕೊಡಲೆಂದು ಒಂದು ಲಿನಕ್ಸ್ ವ್ಯವಸ್ಥೆ ಸಿದ್ಧಪಡಿಸಿದರು. 2022ರಲ್ಲಿ ಅದೇ ಭಾಷೆ ಲಿನಕ್ಸ್ 5.19ರ ಮೂಲಕ ಅಧಿಕೃತವಾಗಿ ಸೇರುವಷ್ಟರಲ್ಲಿ ಒಳಗಿನ ನಿಯಮಗಳು ಬದಲಾಗಿದ್ದವು. ಹಳೆಯದಕ್ಕೆ ಮಾಡಿದ ಡಬ್ಲ್ಯುಪಿಎಸ್ ಹೊಸದರಲ್ಲಿ ಓಡುವುದಿಲ್ಲ. ಬಳಕೆದಾರರು ಇದನ್ನು ‘ಹಳೆಯ ಲೋಕ’, ‘ಹೊಸ ಲೋಕ’ ಎಂದು ಕರೆಯುತ್ತಾರೆ. ಎರಡು ಲೋಕಗಳ ನಡುವೆ ‘ಲಿಬ್‌ಲೋಲ್’ ಎಂಬ ಸೇತುವೆ ಕಟ್ಟಿದ್ದು ಕಂಪನಿಯಲ್ಲ, ಉತ್ಸಾಹಿ ಪ್ರೋಗ್ರಾಮರ್‌ಗಳ ಒಂದು ಗುಂಪು.

ನಾನೇ ಓಡಿಸಿ ನೋಡಿದೆ

ಲೂಂಗ್‌ಸನ್ ಯಂತ್ರ ನನ್ನ ಕೈಗೆ ಸಿಗುವುದಿಲ್ಲ. ಆದರೆ ಬೇರೆ ಪ್ರೊಸೆಸರನ್ನು ನಮ್ಮ ಲ್ಯಾಪ್‌ಟಾಪಿನೊಳಗೇ ಅನುಕರಿಸುವ ಕ್ಯೂಎಮು ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಲೂಂಗ್‌ಆರ್ಚ್ ಲಿನಕ್ಸ್ ಹಾಕಿದೆ. ಅನುಕರಣೆಯಾದ್ದರಿಂದ ಚಹಾ ಕುಡಿದು ಬರುವಷ್ಟು ನಿಧಾನ. ಗುಬ್ಬಿ ಫಾಂಟ್ ಸೇರಿಸಿ ಒಂದು ಕನ್ನಡ ಕಡತ ತೆರೆದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಪದಗಳ ಒತ್ತಕ್ಷರಗಳೂ ಸರಿಯಾಗಿ ಮೂಡಿದವು. ಈ ಪ್ರೊಸೆಸರ್ ಮಾಡಿದವರು ಕನ್ನಡವನ್ನು ನೆನೆದಿರಲಾರರು. ಅಕ್ಷರ ಜೋಡಿಸುವ ಪ್ರೋಗ್ರಾಮಿನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಹೊಸ ಭಾಷೆಗೆ ಕಂಪೈಲ್ ಮಾಡಿದರೆ ಸಾಕು, ಅದು ದಾಟಿ ಬರುತ್ತದೆ.

ಚೀನಾದ ಬಳಕೆದಾರರ ಅನುಭವದ ಗುಟ್ಟು ನನಗೆ ತಿಳಿದದ್ದು ಇಲ್ಲಿ. ಮೂಲ ಕೋಡ್ ಇದ್ದದ್ದೆಲ್ಲ ಹೊಸ ಪ್ರೊಸೆಸರ್‌ಗೆ ಹೆಚ್ಚು ರಗಳೆಯಿಲ್ಲದೆ ದಾಟಿತು. ಬೀಗ ಹಾಕಿಟ್ಟ ಡ್ರೈವರ್, ಪ್ಲಗ್‌ಇನ್, ಫಾಂಟ್ ದಡದಲ್ಲೇ ಉಳಿದವು. ಚಿಪ್‌ನ ವೇಗ ವರ್ಷದಿಂದ ವರ್ಷಕ್ಕೆ ಏರಿದರೂ ಗುಮಾಸ್ತರ ಕಷ್ಟ ಅದೇ ವೇಗದಲ್ಲಿ ಇಳಿಯದಿರಲು ಇದೇ ಕಾರಣ.

ಕಷ್ಟ ಇಳಿಯಲೇ ಇಲ್ಲವೆಂದಲ್ಲ. ಲೂಂಗ್‌ಸನ್‌ನವರು ಇಂಟೆಲ್ ಭಾಷೆಯ ಪ್ರೋಗ್ರಾಮನ್ನು ತಮ್ಮ ಭಾಷೆಗೆ ಓಡುತ್ತಲೇ ಅನುವಾದಿಸುವ ವ್ಯವಸ್ಥೆ ತಂದರು. 2024ರ ಕೊನೆಯಲ್ಲಿ ಬಂದ ಲಿನಕ್ಸ್ ವೀಚಾಟ್, ಲೂಂಗ್‌ಆರ್ಚ್‌ಗೂ ಸಿಕ್ಕಿತು. ಬಳಸುವವರು ಲಕ್ಷಗಟ್ಟಲೆ ಇದ್ದರೆ ಕಂಪನಿಗಳು ತಾವಾಗಿಯೇ ಬರುತ್ತವೆ. ಆದರೆ ಅಲ್ಲಿಯವರೆಗಿನ ಬೆಲೆ ತೆತ್ತವರು, ಬಲವಂತದಿಂದ ಮೊದಲು ಬಳಸಿದ ಆ ಗುಮಾಸ್ತರು.

‘ಸ್ವದೇಶಿ’ ಎಂಬ ಪದವನ್ನೂ ಸ್ವಲ್ಪ ಕೆರೆದು ನೋಡಬೇಕು. ಝಾವ್‌ಶಿನ್‌ನ ಕೆಎಕ್ಸ್-6000 ತಯಾರಾದದ್ದು ತೈವಾನ್‌ನ ಟಿಎಸ್‌ಎಂಸಿಯಲ್ಲಿ. 2023ರ ಕೊನೆಯಲ್ಲಿ ಬಂದ ಹುವಾವೇಯ ಕಚೇರಿ ಲ್ಯಾಪ್‌ಟಾಪನ್ನು ಟೆಕ್‌ಇನ್‌ಸೈಟ್ಸ್ ಸಂಸ್ಥೆ ಬಿಚ್ಚಿ ನೋಡಿದಾಗ, ಒಳಗಿನ 5 ನ್ಯಾನೊಮೀಟರ್ ಚಿಪ್ ಕೂಡ ಟಿಎಸ್‌ಎಂಸಿಯದೇ ಆಗಿತ್ತು, ಅದೂ ನಿರ್ಬಂಧದ ಹೊತ್ತಿನ ಹಳೆಯ ದಾಸ್ತಾನು.

ನಮಗೇನು ಸಂಬಂಧ?

ನನ್ನ ಅಮ್ಮ ಒಂದು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿದ ಸುತ್ತೋಲೆ, ನುಡಿ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸವಾಗಿ ತೆರೆಯುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿದೆ. ಡಿಜಿಟಲ್ ಸಹಿಯ ಡಾಂಗಲ್ ಒಂದು ಕಂಪ್ಯೂಟರಿನಲ್ಲಿ ಮಾತ್ರ ಕೆಲಸ ಮಾಡುತ್ತದೆಂದು ಸಹೋದ್ಯೋಗಿಗಳೆಲ್ಲ ಅದರ ಮುಂದೆ ಸಾಲು ನಿಲ್ಲುತ್ತಾರಂತೆ. ಚೀನಾದ ಕಥೆಯನ್ನೆಲ್ಲ ಹೇಳಿ ಮುಗಿಸಿದಾಗ ಅಮ್ಮ ಹೇಳಿದ್ದು ಇಷ್ಟೇ: ‘ಕಂಪ್ಯೂಟರ್ ಯಾವ ದೇಶದ್ದಾದ್ರೇನು ಮಗಾ, ಐದು ಗಂಟೆಯೊಳಗೆ ಪ್ರಿಂಟ್ ಬಂದ್ರೆ ಸಾಕು.’

ನಮ್ಮಲ್ಲೂ ಸ್ವಂತ ಪ್ರೊಸೆಸರ್ ಕೆಲಸ ನಡೆದಿದೆ. ಐಐಟಿ ಮದ್ರಾಸ್‌ನ ‘ಶಕ್ತಿ’, ಸಿ-ಡಾಕ್‌ನ ‘ವೇಗ’ ಎರಡೂ ರಿಸ್ಕ್-ಫೈವ್ ಎಂಬ ಮುಕ್ತ ಇನ್‌ಸ್ಟ್ರಕ್ಷನ್ ಸೆಟ್ ಬಳಸುತ್ತವೆ. ಇವನ್ನು ಬೆಳೆಸಲೆಂದೇ ಕೇಂದ್ರ ಸರ್ಕಾರ 2022ರಲ್ಲಿ ‘ಡಿರ್-ವಿ’ ಯೋಜನೆ ಆರಂಭಿಸಿತು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಅಂದರೆ ದಾರಿ ನಮಗೂ ಇದೆ. ಆದರೆ ನಮ್ಮ ಕ್ಲಾಸಿನಲ್ಲಿ ಯಾರನ್ನು ಕೇಳಿದರೂ ಚಿಪ್ ಡಿಸೈನ್ ಮಾಡಬೇಕೆನ್ನುತ್ತಾರೆ. ಡ್ರೈವರ್ ಬರೆಯುತ್ತೇನೆ, ಫಾಂಟ್ ಸರಿಪಡಿಸುತ್ತೇನೆ ಎನ್ನುವವರು ಸಿಗುವುದಿಲ್ಲ. ಅದಕ್ಕೆ ಹೆಸರೂ ಇಲ್ಲ, ಪ್ಲೇಸ್‌ಮೆಂಟ್‌ನಲ್ಲಿ ಕೇಳುವವರೂ ಕಡಿಮೆ. ನಾಳೆ ಸ್ವದೇಶಿ ಚಿಪ್ ನಮ್ಮ ತಾಲ್ಲೂಕು ಕಚೇರಿಗೆ ಬಂದಾಗ ಈ ಕೆಲಸ ಆಗಿರದಿದ್ದರೆ, ಜನ ಬೈಯುವುದು ಚಿಪ್ಪನ್ನೇ. ಬೈಗುಳ ತಿಂದ ಚಿಪ್ ಅಟ್ಟ ಸೇರುತ್ತದೆ.

ಅದಕ್ಕೇ ಮುಂದಿನ ವರ್ಷದ ಪ್ರಾಜೆಕ್ಟ್‌ಗೆ ನಾವು ಮೂವರು ಗೆಳೆಯರು ಒಂದು ಸಣ್ಣ ವಿಷಯ ಆರಿಸಿಕೊಂಡಿದ್ದೇವೆ. ಒಂದು ರಿಸ್ಕ್-ಫೈವ್ ಬೋರ್ಡ್, ಅದಕ್ಕೊಂದು ಮಾಮೂಲಿ ಆಫೀಸ್ ಪ್ರಿಂಟರ್. ಹಳೆಯ ನುಡಿ ಕಡತ ತೆರೆಯಬೇಕು, ಅದು ಯೂನಿಕೋಡ್ ಆಗಬೇಕು, ಕಾಗದದ ಮೇಲೆ ಒತ್ತಕ್ಷರ ತಪ್ಪದೆ ಮೂಡಬೇಕು. ‘ಇಷ್ಟೇನಾ?’ ಎಂದರು ನಮ್ಮ ಗೈಡ್. ‘ಇಷ್ಟೇ ಸರ್’ ಎಂದೆವು. ಮೊದಲ ಪ್ರತಿಯನ್ನು ಅಮ್ಮನ ಕಚೇರಿಗೆ ಒಯ್ಯುವುದು ಎಂದು ಈಗಲೇ ಮಾತಾಗಿದೆ.