ಸಂತೆ ನಿಂತಾಗ ಬಂಡೂರು ಕುರಿ: ಮಾರುವುದೋ, ಕಟ್ಟಿಕೊಳ್ಳುವುದೋ?

2020ರ ಯುಗಾದಿ ಮಾರ್ಚ್ 25ರಂದು ಬಂದಿತು. ಕೊರೊನಾ ನಿಮಿತ್ತ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದದ್ದೂ ಅದೇ ದಿನ. ಮರುದಿನದ ಹೊಸತೊಡಕಿಗೆಂದು ತಿಂಗಳುಗಟ್ಟಲೆ ಟಗರು ಮೇಯಿಸಿದ್ದವರಿಗೆ ಅದಕ್ಕಿಂತ ಕೆಟ್ಟ ಗಳಿಗೆ ಬೇರೊಂದಿರಲಾರದು. ಹೊಸತೊಡಕು ಎಂದರೆ ಏನೆಂದು ಮಂಡ್ಯ ಸೀಮೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ವಾರದ ಸಂತೆ, ಜಾತ್ರೆ, ಮದುವೆ ಎಲ್ಲವೂ ನಿಂತವು. ಬೇಸಾಯದ ಕೆಲಸಗಳಿಗೂ ಕೃಷಿ ಮಾರುಕಟ್ಟೆಗಳಿಗೂ ಕೇಂದ್ರ ಸರ್ಕಾರ ಕೆಲವೇ ದಿನಗಳಲ್ಲಿ ವಿನಾಯಿತಿ ನೀಡಿತಾದರೂ, ಕುರಿ ವ್ಯಾಪಾರ ನಡೆಯುವುದು ಹೆಚ್ಚಾಗಿ ಸಂತೆಯಲ್ಲಿ ಮತ್ತು ಮನೆ ಬಾಗಿಲಿಗೆ ಬರುವ ವ್ಯಾಪಾರಿಯ ಕೈಯಲ್ಲಿ. 2021ರಲ್ಲಿ ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧ ಬಂದಾಗ ಮಾಂಸದ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10 ಗಂಟೆಯವರೆಗೆ ಮಾತ್ರ ಅವಕಾಶವಿತ್ತು.

ಇಂತಹ ಕಾಲದಲ್ಲಿ ಕುರಿ ಸಾಕುವವನ ಸ್ಥಿತಿ ಇತರರಿಗಿಂತ ಒಂದು ರೀತಿಯಲ್ಲಿ ಮೇಲು. ರೇಷ್ಮೆ ಗೂಡನ್ನು ಚಿಟ್ಟೆ ಹೊರಬರುವ ಮೊದಲೇ ಮಾರಬೇಕು. ಎಳನೀರು ಬಲಿತರೆ ತೆಂಗಿನಕಾಯಿಯಾದೀತು, ಆದರೆ ಅದರ ಬೆಲೆ ಬೇರೆ. ಹಾಲಂತೂ ಹೊತ್ತಿಗೆ ಹೊರಡಬೇಕು. 2020ರ ಏಪ್ರಿಲ್‌ನಲ್ಲಿ ಒಕ್ಕೂಟಗಳಲ್ಲಿ ಉಳಿಯುತ್ತಿದ್ದ ಹಾಲನ್ನು ಸರ್ಕಾರವೇ ಕೊಂಡು ಬಡವರಿಗೆ ಹಂಚಬೇಕಾಯಿತು. ಕುರಿಯಾದರೋ ಕಾಯಬಲ್ಲದು. ಕಾಯುತ್ತಾ ಬೆಳೆಯಲೂ ಬಲ್ಲದು. ಆದರೆ ಎಲ್ಲ ಕುರಿಯೂ ಅಲ್ಲ, ಎಷ್ಟು ದಿನವಾದರೂ ಅಲ್ಲ. ಇಲ್ಲಿಯೇ ಲೆಕ್ಕ ಬೇಕಾಗುವುದು.

18 ಕಿಲೋ ತೂಗುವ, ದಿನಕ್ಕೆ 80 ಗ್ರಾಂ ಬೆಳೆಯುತ್ತಿರುವ ಒಂದು ಮರಿಯನ್ನು ತೆಗೆದುಕೊಳ್ಳಿ. ಜೀವಂತ ತೂಕದ ದರ ಕಿಲೋಗೆ 400 ರೂಪಾಯಿ ಇದ್ದದ್ದು ಸಂತೆ ನಿಂತು 340ಕ್ಕೆ ಇಳಿಯಿತೆನ್ನಿ. (ಈ ದರಗಳು ಲೆಕ್ಕಕ್ಕೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ.) ಇಂದೇ ಮಾರಿದರೆ 6,120 ರೂಪಾಯಿ. ಎರಡು ತಿಂಗಳು ಕಾದರೆ ಮರಿ 22.8 ಕಿಲೋ ಆಗುತ್ತದೆ; ದರ ಒಂದು ಪೈಸೆ ಏರದಿದ್ದರೂ 7,752 ರೂಪಾಯಿ ಬರುತ್ತದೆ. ದಿನಕ್ಕೆ 200 ಗ್ರಾಂ ಹಿಂಡಿಮಿಶ್ರಣಕ್ಕೆ ಕಿಲೋಗೆ 30 ರೂಪಾಯಿಯಂತೆ 360 ಕಳೆದರೂ 7,392 ಉಳಿಯುತ್ತದೆ. ಹಳೆಯ ದರದಲ್ಲಿ ಅಂದೇ ಮಾರಿದ್ದರೂ ಸಿಗುತ್ತಿದ್ದದ್ದು 7,200 ಮಾತ್ರ.

ಇನ್ನು ಬೆಳವಣಿಗೆ ಮುಗಿದ, 32 ಕಿಲೋ ತೂಗುವ ಟಗರನ್ನು ನೋಡಿ. ಅದು ದಿನಕ್ಕೆ 20 ಗ್ರಾಂ ಏರಿದರೆ ಹೆಚ್ಚು. ಇಂದು 340ರಂತೆ 10,880 ರೂಪಾಯಿ. ಎರಡು ತಿಂಗಳ ನಂತರ 11,288. ದಿನಕ್ಕೆ 300 ಗ್ರಾಂ ಹಿಂಡಿಯ ಖರ್ಚು 540 ಕಳೆದರೆ 10,748. ಎರಡು ತಿಂಗಳು ಮೇಯಿಸಿ 132 ರೂಪಾಯಿ ಕೈಬಿಟ್ಟಂತಾಯಿತು. ಹುಲ್ಲು, ಆಳು, ಔಷಧಿ ಇನ್ನೂ ಸೇರಿಲ್ಲ. ಮುಂದೆ ಬಕ್ರೀದ್ ಇದ್ದು, ಟಗರು ಊನವಿಲ್ಲದೆ ಲಕ್ಷಣವಾಗಿದ್ದರೆ ಮಾತ್ರ ಕಟ್ಟಿಕೊಳ್ಳುವುದರಲ್ಲಿ ಅರ್ಥವುಂಟು. ಆದರೆ ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದರ ತಿರುಗುಮುರುಗು: ದೊಡ್ಡ ಟಗರನ್ನು ಅಭಿಮಾನಕ್ಕೆ ಉಳಿಸಿಕೊಂಡು, ಬೆಳೆಯುವ ಮರಿಗಳನ್ನು ಸಿಕ್ಕಿದ ಬೆಲೆಗೆ ಕೊಡುತ್ತಾರೆ.

ಈ ಲೆಕ್ಕಕ್ಕೆ ತೂಕ ಗೊತ್ತಿರಬೇಕು. ವ್ಯಾಪಾರಿ ಬೆನ್ನು ಹಿಸುಕಿ ಹೇಳುವ ಅಂದಾಜು ಅವನ ಅನುಕೂಲಕ್ಕೆ ಇರುತ್ತದೆ. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಹಿಂತೊಡೆಯ ಮೂಳೆಯವರೆಗಿನ ಉದ್ದವನ್ನೂ ಅಂಗುಲಗಳಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಬರುತ್ತದೆ. 26 ಅಂಗುಲ ಸುತ್ತಳತೆ, 22 ಅಂಗುಲ ಉದ್ದದ ಕುರಿ ಸುಮಾರು 22.5 ಕಿಲೋ. ಗಿಡ್ಡ, ಮೈತುಂಬಿದ ಬಂಡೂರು ಕುರಿಯಲ್ಲಿ ಕೊಂಚ ಹೆಚ್ಚುಕಡಿಮೆಯಾದರೂ, ಹದಿನೈದು ದಿನಕ್ಕೊಮ್ಮೆ ಅಳೆದರೆ ಬೆಳವಣಿಗೆ ನಿಂತದ್ದು ತಪ್ಪದೆ ಗೊತ್ತಾಗುತ್ತದೆ.

ತಾಯಿ ಕುರಿಯ ವಿಷಯ ಬೇರೆ. ಕೈಯಲ್ಲಿ ಕಾಸಿಲ್ಲದಾಗ ಮೊದಲು ಕಣ್ಣು ಬೀಳುವುದು ಅದರ ಮೇಲೆ. ಮಾರಿದ ತಾಯಿಯ ಜಾಗಕ್ಕೆ ಹೆಣ್ಣು ಮರಿಯನ್ನು ಬೆಳೆಸಿದರೆ, ಅದು ಬೆದೆಗೆ ಬರಲು ಒಂದು ವರ್ಷದ ಮೇಲೆ, ಗರ್ಭ ಐದು ತಿಂಗಳು, ಹುಟ್ಟಿದ ಮರಿ ಮಾರಾಟಕ್ಕೆ ಬರಲು ಇನ್ನೂ ಎಂಟು ತಿಂಗಳು. ಎರಡು ವರ್ಷಕ್ಕೂ ಮೀರಿದ ಆದಾಯ ಒಂದು ಕೈಗಡಕ್ಕೆ ಹೋದಂತೆ. ಬಂಡೂರು ಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುವುದರಿಂದ ನಷ್ಟ ಬೇಗ ತುಂಬುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತು, ಬನ್ನೂರು ಕುರಿ ಎಂದೂ ಕರೆಸಿಕೊಳ್ಳುವ ಈ ತಳಿಯ ಅಪ್ಪಟ ಕುರಿಗಳು ಈಗಾಗಲೇ ವಿರಳ. ಅದೇ ತಾಲ್ಲೂಕಿನ ಧನಗೂರಿನ ಕುರಿ ಸಂವರ್ಧನಾ ಕೇಂದ್ರವೊಂದರಿಂದಲೇ ತಳಿ ಉಳಿಯಲಾರದು. ಅದು ಉಳಿಯಬೇಕಾದದ್ದು ರೈತರ ಕೊಟ್ಟಿಗೆಯಲ್ಲಿ.

ಕಾಯಬೇಕೆಂದರೆ ಮೇವು ಮನೆಯದಾಗಿರಬೇಕು. ನೀರಾವರಿ ಇದ್ದಲ್ಲಿ ಒಂದು ಗುಂಟೆ ನೇಪಿಯರ್ ಹುಲ್ಲು ವರ್ಷಕ್ಕೆ ಸುಮಾರು 2 ಟನ್ ಕೊಡುತ್ತದೆ. 5 ಗುಂಟೆಯಿಂದ ದಿನಕ್ಕೆ 27 ಕಿಲೋ, ಅಂದರೆ ಹತ್ತು ಕುರಿಗಳಿಗೆ ತಲಾ ಎರಡೂವರೆ ಕಿಲೋಗಿಂತ ಹೆಚ್ಚು ಹಸಿಹುಲ್ಲು. ಜೊತೆಗೆ ಹುರುಳಿ ಹೊಟ್ಟು, ರಾಗಿ ಹುಲ್ಲು ಸೇರಿದರೆ ಹೊಟ್ಟೆ ತುಂಬುತ್ತದೆ. ಕಬ್ಬಿನ ಸೋಗೆ ಹೊಟ್ಟೆ ತುಂಬಿಸುವುದೇ ಹೊರತು ಮೈ ತುಂಬಿಸುವುದಿಲ್ಲ. ಸಸಾರಜನಕಕ್ಕೆ ಅಲಸಂದೆ, ಕುದುರೆ ಮೆಂತೆ, ಬದುವಿನ ಮೇಲಿನ ಅಗಸೆ ಉತ್ತಮ. ಗೂಡಿನ ದರ ಬಿದ್ದು ಹುಳು ಸಾಕದೆ ಬಿಟ್ಟಾಗ ಹಿಪ್ಪುನೇರಳೆ ಸೊಪ್ಪಿಗಿಂತ ಒಳ್ಳೆಯ ಮೇವು ಹುಡುಕಿದರೂ ಸಿಗದು. ಅದರ ಒಣ ಅಂಶದಲ್ಲಿ ಐದನೆಯ ಒಂದು ಭಾಗದಷ್ಟು ಸಸಾರಜನಕವಿದೆ. ಆದರೆ ಔಷಧಿ ಸಿಂಪಡಿಸಿದ ತೋಟದ ಸೊಪ್ಪನ್ನು ಅದರ ಅವಧಿ ಕಳೆಯುವ ತನಕ ಕೊಯ್ಯಬಾರದು. ಮೇವಿನ ಬೆಳೆಗಳ ಸಂಶೋಧನೆ ನಡೆಯುವ ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿಗಳ ಬಗ್ಗೆ ವಿಚಾರಿಸಬಹುದು.

ಕೊನೆಯದಾಗಿ ಲಸಿಕೆ. ಮನುಷ್ಯರ ರೋಗದ ಗಲಾಟೆಯಲ್ಲಿ ಕುರಿಯ ರೋಗ ಮರೆತುಹೋಗುತ್ತದೆ. ಮಾರಾಟ ನಿಂತಾಗ ಮಂದೆ ದೊಡ್ಡದಾಗಿ, ಕೊಟ್ಟಿಗೆ ಇಕ್ಕಟ್ಟಾಗುವುದರಿಂದ ರೋಗ ಹರಡುವುದೂ ಸುಲಭ. ಮೂರು ತಿಂಗಳು ತುಂಬಿದ ಮರಿಗಳಿಗೆ ಪಿ.ಪಿ.ಆರ್. ಲಸಿಕೆಯನ್ನೂ, ಮುಂಗಾರಿನ ಹಸಿ ಹುಲ್ಲು ಚಿಗುರುವ ಮೊದಲು ಕರುಳುಬೇನೆಯ ಲಸಿಕೆಯನ್ನೂ ಪಶುವೈದ್ಯರಿಂದ ಹಾಕಿಸಿರಿ. ಓಡಾಟ ನಿಂತಿದ್ದರೆ ಬೀದಿಯವರೆಲ್ಲ ಒಂದೇ ದಿನ ಕುರಿಗಳನ್ನು ಒಂದೆಡೆ ಕೂಡಿಸಿ ವೈದ್ಯರನ್ನು ಕರೆಸಬಹುದು. ಅಂದೇ ಎಲ್ಲವನ್ನೂ ಅಳೆದು ತೂಕ ಬರೆದಿಟ್ಟರೆ, ಹತ್ತು ಮನೆಯ ಮಾರುವ ಮರಿಗಳ ಪಟ್ಟಿಯೂ ಸಿದ್ಧವಾಗುತ್ತದೆ. ಒಂದೆರಡು ಮರಿಗೆ ಗಾಡಿ ತರಲು ಹಿಂಜರಿಯುವ ಪೇಟೆಯ ಅಂಗಡಿಯವನು ಮೂವತ್ತು ಮರಿಗೆ ಪಾಸು ಮಾಡಿಸಿಕೊಂಡೇ ಬರುತ್ತಾನೆ.